ಮಡು ದಾಟಿಸಿದ ಹರಿಗೋಲು

ನಾನು ಒಂದು ಹರಿಗೋಲು. ದೋಣಿ ಅಂದೀರಿ, ಜೋಕೆ! ದೋಣಿಗೆ ಮೂತಿ ಇದೆ, ಬಾಲ ಇದೆ. ನಾನು ರೊಟ್ಟಿಯ ಹಂಚಿನಂತೆ ದುಂಡಗೆ. ಅಂಬಿಗರ ಸಿಂಗಣ್ಣ ಬಿದಿರು ಸೀಳಿ ನನ್ನ ಮೈ ಹೆಣೆದ, ಎಮ್ಮೆಯ ತೊಗಲು ಬಿಗಿದ, ಎಣ್ಣೆ ಬಳಿದು ಮೂರು ದಿನ ಬಿಸಿಲಿಗೆ ಬೋರಲು ಹಾಕಿದ. ನಾಲ್ಕನೆಯ ದಿನ ಹೊಳೆಯ ನೀರು ಮೈಗೆ ತಾಗಿದ್ದೇ ತಡ, ಖುಷಿ ತಡೆಯಲಾರದೆ ಗಿರ್ರನೆ ಸುತ್ತಿಬಿಟ್ಟೆ. "ಏ, ಇದಕ್ಕ ಹುಟ್ಟತಲೇ ಸೊಕ್ಕು ಬಂದೈತಿ ನೋಡ್ರಿ" ಎಂದು ಸಿಂಗಣ್ಣ ನಕ್ಕ.

ನನಗೆ ಜನರ ಮುಖಕ್ಕಿಂತ ಪಾದವೇ ಹೆಚ್ಚು ಪರಿಚಯ. ಸಿಂಗಣ್ಣನದು ಒಡೆದ ಹಿಮ್ಮಡಿ. ಅವನ ದೊಡ್ಡ ಮಗಳು ಮಾಚವ್ವನಿಗೆ ಹದಿನಾರು ವರ್ಷ. ಅವಳು ಕಾಲೂರಿ ನಿಂತರೆ ನಾನು ಕಮಕ್ ಕಿಮಕ್ ಅನ್ನುವಂತಿರಲಿಲ್ಲ. ಚಿಕ್ಕವಳು ಸೋಮಿಗೆ ಒಂಬತ್ತು. ಅವಳ ಕಾಲು ಒಂದು ಗಳಿಗೆ ಸುಮ್ಮನಿದ್ದರೆ ಕೇಳಿ! ತಾಯಿಯಿಲ್ಲದ ಆ ಮಗುವನ್ನು ಅಕ್ಕನೇ ಎತ್ತಿ ಆಡಿಸಿ ಬೆಳೆಸಿದ್ದಳು.

ಅಂಬಿಗರ ಕೇರಿಯ ಕಟ್ಟಳೆ ಬಿಗಿಯಾಗಿತ್ತು. ಹರಿಗೋಲು ಹತ್ತಿದವನು ವೈರಿಯಾದರೂ ಸರಿ, ಅವನನ್ನು ಆಚೆ ದಡ ಮುಟ್ಟಿಸಲೇಬೇಕು. ಯಾರಾದರೂ ನೀರಿನಿಂದ ಹತ್ತುವಾಗ ಒಳಗಿದ್ದವರು ಎದುರಿನ ಅಂಚಿಗೆ ಹೋಗಿ ಕೂರಬೇಕು. ಇಲ್ಲವಾದರೆ ನನ್ನಂಥವನು ಮಗುಚಿಯೇ ಮಗುಚುತ್ತಾನೆ. ಮಾತು ಕಲಿಯುವ ಮೊದಲೇ ಕೇರಿಯ ಮಕ್ಕಳು ಇದನ್ನು ಕಲಿಯುತ್ತಿದ್ದರು.

ಹೊಳೆಯಲ್ಲಿ ನಮಗೆ ಇದ್ದದ್ದು ಒಂದೇ ಹೆದರಿಕೆ. ಅದು ಕೋಟೆಯ ಕೆಳಗಿನ ಸುಳಿಮಡು. ಮಾಚವ್ವನ ಅಜ್ಜಿಯ ಕಾಲದಲ್ಲಿ, ಮಳೆ ಬರಲೆಂದು ನೀಲಿ ಎಂಬ ಪುಟ್ಟ ಹುಡುಗಿಯನ್ನು ಹರಿಗೋಲಿನಲ್ಲಿ ಕೂರಿಸಿ, ಹುಟ್ಟನ್ನೂ ಕೊಡದೆ, ಅಂಬಿಗನನ್ನೂ ಕಳಿಸದೆ, ಅಲ್ಲಿಗೆ ತಳ್ಳಿದ್ದರಂತೆ. ಅಲ್ಲಿಂದೀಚೆಗೆ ಆ ಮಡುವಿನಲ್ಲಿ ಹರಿಗೋಲುಗಳು ಮಗುಚುತ್ತಿದ್ದವು. ಅಲ್ಲಿ ಮೊಸಳೆ ರಕ್ಕಸನೊಬ್ಬನಿದ್ದಾನೆ, ಅವನಿಗೆ ಹೆಣ್ಣಿನ ರುಚಿ ಹತ್ತಿದೆ ಎಂದು ಜನ ಮಾತಾಡಿಕೊಂಡರು.

ಒಂದು ಬೆಳಿಗ್ಗೆ ಅರಮನೆಯ ಇಬ್ಬರು ಓಲೆಕಾರರು ಅವಸರದಲ್ಲಿ ಬಂದು ಮಡುವಿನ ದಾರಿಯಲ್ಲೇ ಹೋಗಬೇಕೆಂದು ಹಟ ಹಿಡಿದರು. ಸಿಂಗಣ್ಣ ಬೇಡ ಬೇಡ ಅಂದರೂ ಕೇಳಲಿಲ್ಲ. ಮಾಚವ್ವನೂ ಅಪ್ಪನ ಜೊತೆ ಹತ್ತಿದಳು. ನಡುಮಡುವಿಗೆ ಬಂದಾಗ ನನ್ನ ಅಂಚನ್ನು ಕೆಳಗಿನಿಂದ ಯಾರೋ ಹಿಡಿದರು. ಅಯ್ಯೋ, ಅದು ಪಂಜವಲ್ಲ, ಕೋರೆಯಲ್ಲ! ಐದು ಸಣ್ಣ ಬೆರಳು. ಆ ಕೈ ನನ್ನನ್ನು ಎಳೆಯುತ್ತಿರಲಿಲ್ಲ, ಹತ್ತಲು ನೋಡುತ್ತಿತ್ತು. ನನಗೆ ಬಾಯಿದ್ದಿದ್ದರೆ ಆಗಲೇ ಕೂಗಿ ಹೇಳುತ್ತಿದ್ದೆ. ಸಿಂಗಣ್ಣ ಹೆದರಿ ಹುಟ್ಟಿನಿಂದ ಆ ಕೈಯನ್ನು ಬಡಿದ. ಓಲೆಕಾರರು ನೋಡಲೆಂದು ಅದೇ ಅಂಚಿಗೆ ನುಗ್ಗಿದರು. ನಾನು ಮಗುಚಿದೆ. ಅವರಿಬ್ಬರೂ ಮುಳುಗಿದರು, ಅಪ್ಪ ಮಗಳು ನನ್ನನ್ನೂ ಎಳೆದುಕೊಂಡು ಈಜಿ ದಡ ಸೇರಿದರು.

"ಅಪ್ಪಾ, ಆ ಕೈಯಾಗ ಬಳಿ ಇತ್ತು" ಎಂದಳು ಮಾಚವ್ವ. "ಮೊಸಳಿ ಬಳಿ ತೊಡತೈತೇನು?"

"ಬಾಯಿ ಮುಚ್ಚು! ಯಾರ ಕಿವಿಗಾರ ಬಿದ್ದೀತು."

ಮಾರನೆಯ ದಿನವೇ ಅರಮನೆಯವರು ಡಂಗುರ ಸಾರಿದರು. ರಕ್ಕಸನಿಗೆ ಹಸಿವಾಗಿದೆ, ಓಲೆಕಾರರನ್ನು ಮುಳುಗಿಸಿದ ಅಂಬಿಗನ ಕಿರಿಮಗಳೇ ಬಲಿಯಾಗಬೇಕು, ರಕ್ಕಸ ದಡಕ್ಕೇರದಂತೆ ಅರಸನ ಮಗ ಕುಮಾರ ರಣಧವಳ ಖಡ್ಗ ಹಿಡಿದು ಕಾಯುತ್ತಾನೆ ಎಂದು. ಸಿಂಗಣ್ಣನನ್ನು ಕೋಟೆಯಲ್ಲಿ ಕೂಡಿಹಾಕಿದರು. ನಾನು ಕೈ ಬದಲಾಗಿ ಅರಮನೆಯ ಆಳುಗಳ ಪಾಲಾದೆ. ನನ್ನ ಮೈಗೆಲ್ಲ ಅರಿಶಿನ ಬಳಿದರು. ಥೂ, ಎಂಥ ಶೃಂಗಾರ!

ಸುಡು ಮಧ್ಯಾಹ್ನ. ದಡದಲ್ಲಿ ಊರಿಗೂರೇ ನಿಂತಿತ್ತು. ಸೋಮಿಯನ್ನು ನನ್ನೊಳಗೆ ಕೂರಿಸಿ, ಹುಟ್ಟು ಕೊಡದೆ ತಳ್ಳಿದರು. ಎಂದೂ ಸುಮ್ಮನಿರದ ಆ ಕಾಲುಗಳು ಅಂದು ಅಲುಗಲಿಲ್ಲ. ಅದನ್ನು ನೆನೆದರೆ ಇವತ್ತಿಗೂ ನನ್ನ ಜೀವ ಹಿಂಡುತ್ತದೆ.

ಜಂಬುಹುಲ್ಲಿನ ಮರೆಯಿಂದ ಒಂದು ತಲೆ ನೀರಿಗಿಳಿದು ಈಜುತ್ತ ಬಂತು. ಮಾಚವ್ವ! ಬೆನ್ನಿಗೆ ಹುಟ್ಟು ಕಟ್ಟಿಕೊಂಡಿದ್ದಳು. ಸೋಮಿ ಅಳುತ್ತಲೇ, ಅಭ್ಯಾಸಬಲದಿಂದ, ಎದುರಿನ ಅಂಚಿಗೆ ಸರಿದಳು. ಅಕ್ಕ ಹತ್ತಿದಳು.

"ಹಿಂದಕ್ಕ ಹೋಗೂಣಕ್ಕಾ!"

"ಹಿಂದಕ್ಕ ಹೋದ್ರ ಮತ್ತ ತಳ್ಳತಾರ. ಸುಮ್ನಿರು, ನಾ ಅದೀನಿ."

ಅಷ್ಟರಲ್ಲಿ ಸುಳಿ ನನ್ನನ್ನು ಸೆಳೆದುಕೊಂಡಿತು. ಒಂದು ಸುತ್ತು, ಎರಡು ಸುತ್ತು. ಆಮೇಲೆ ಅಂಚಿನ ಮೇಲೆ ಆ ಕೈ ಬಂತು. ಬೆಳ್ಳಗೆ ಬಿಳಿಚಿದ್ದ ಪುಟ್ಟ ಕೈ, ಅದರಲ್ಲಿ ಕರಿಬಳೆ.

"ಹೊಡಿಯಕ್ಕಾ, ಹೊಡಿ!" ಎಂದು ಸೋಮಿ ಚೀರಿದಳು.

ಮಾಚವ್ವ ಹುಟ್ಟು ಎತ್ತಿದಳು. ಅವಳ ಪಾದ ನನ್ನ ಬಿದಿರಿಗೆ ಒತ್ತಿ ನಿಂತಿತು. ಅದು ಎಳೆದರೆ ಅಕ್ಕತಂಗಿ ಇಬ್ಬರೂ ಹೋದಂತೆಯೇ. ಆ ಬಳೆಯನ್ನೇ ನೋಡುತ್ತ ಅವಳು ಹುಟ್ಟನ್ನು ಕೆಳಗಿಟ್ಟಳು.

"ಸೋಮಿ, ಆ ಕಡಿ ಅಂಚಿಗೆ ಕೂಡು. ಬೆನ್ನು ಹೊರಗ ಚಾಚು. ನಾ ಹೇಳೋತನಕ ಅಲುಗಬ್ಯಾಡ."

ಹಿಂದೆ ಬಾಯ್ತೆರೆದ ಸುಳಿ, ಮುಂದೆ ಆ ಕೈ. ಸೋಮಿ ಕಣ್ಣು ಮುಚ್ಚಿ ಹಿಂದಕ್ಕೆ ಬಾಗಿದಳು. ಮಾಚವ್ವ ಕೈ ನೀಡಿ, "ಬಾರವ್ವಾ, ಹತ್ತು" ಎಂದಳು. ನನ್ನ ಬಿದಿರೆಲ್ಲ ಲಟಲಟ ಎಂದಿತು. ಒಂದು ಕಡೆ ನೀರು ಒಳಕ್ಕೆ ನುಗ್ಗಿತು. ಹಿಡಿದುಕೊಂಡೆ, ನೋಡಿ, ಪ್ರಾಣ ಹಿಡಿದುಕೊಂಡಂತೆ ಹಿಡಿದುಕೊಂಡೆ! ನೀಲಿ ಒಳಗೆ ಬಂದು ಮೊಣಕಾಲು ತಬ್ಬಿ ಕೂತಳು. ಅವಳ ಮೈಯಿಂದ ನೀರು ಸುರಿಯುತ್ತಿತ್ತು, ಕೂತ ಮೇಲೆ ಭಾರ ಮಾತ್ರ ಒಂದಿಷ್ಟೂ ಇರಲಿಲ್ಲ.

ಮಾಚವ್ವ ಮುಂದೆ ನಿಂತು ಹುಟ್ಟು ಹಾಕಿದಳು. ಸುಳಿ ಅವಳಿಗೆ ದಾರಿ ಬಿಟ್ಟಿತು. ಆಚೆ ದಡದಲ್ಲಿ ನೀಲಿ ಇಳಿದು, ಇಬ್ಬರನ್ನೂ ಒಮ್ಮೆ ತಿರುಗಿ ನೋಡಿದಳು. ಮರಳಿನ ಮೇಲೆ ಎರಡು ಒದ್ದೆ ಹೆಜ್ಜೆ ಮೂಡಿದವು. ಮೂರನೆಯದು ಮೂಡಲಿಲ್ಲ.

ಇತ್ತ ಕುಮಾರ ರಣಧವಳ ಮೊಣಕಾಲುದ್ದ ನೀರಿನಲ್ಲಿ ನಿಂತು ನೀರಿಗೇ ಖಡ್ಗ ಬೀಸಿದ್ದೇ ಬೀಸಿದ್ದು! ಆಮೇಲೆ ಬೇರೆ ಹರಿಗೋಲು ಏರಿ ಏದುಸಿರು ಬಿಡುತ್ತ ಬಂದ.

"ಎಲ್ಲಿ ಅದು? ಕೊಂದವರಾರು?"

ಮಾಚವ್ವ ತಂಗಿಯನ್ನು ಹಿಂದಕ್ಕೆ ಸರಿಸಿ ಅವನೆದುರು ನಿಂತಳು. "ಕೊಂದಿಲ್ಲ, ನೀಲಿನ್ನ ದಾಟಿಸಿ ಬಂದೆ ಅಂದ್ರ ಊರು ನಂಬಂಗಿಲ್ಲ, ಒಡೆಯಾ. ಬರೂ ವರ್ಷ ಇನ್ನೊಂದು ಕೂಸಿನ್ನ ತಳ್ಳತಾರ. ನೀವು ಕೊಂದ್ರಿ ಅಂತ ಸಾರಿಸ್ರಿ. ನಾನೂ ಹೌದಂತೀನಿ. ನಮ್ಮಪ್ಪನ್ನ ಬಿಡ್ರಿ, ಮಡುವಿಗೆ ಇನ್ಯಾವ ಹೆಣ್ಣನ್ನೂ ಕಳಸಬ್ಯಾಡ್ರಿ."

ಅವನು ರಕ್ತ ಹತ್ತದ ಖಡ್ಗವನ್ನು ನೋಡಿಕೊಂಡ. ಹೂಂ ಅಂದ. ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ಸಂಜೆಯೊಳಗೆ ಸಿಂಗಣ್ಣ ಮನೆಗೆ ಬಂದ, ಮಡುವಿಗೆ ಮತ್ತೆ ಯಾರನ್ನೂ ತಳ್ಳಲಿಲ್ಲ.

ಕುಮಾರನ ವಿಜಯಕ್ಕೆ ಸಾಕ್ಷಿಯೆಂದು ನನ್ನನ್ನು ಮಂಟಪದಲ್ಲಿ ನೇತುಹಾಕಿ ಈಗ ಅರವತ್ತು ವರ್ಷ. ತೊಗಲು ಒಣಗಿ ಉದುರಿತು, ಬಿದಿರಿಗೆ ಹುಳು ಹತ್ತಿತು. ವರ್ಷವರ್ಷವೂ ಹಾಡುಗಾರ ಬಂದು ಕುಮಾರನ ಕಥೆ ಹಾಡುತ್ತಾನೆ. ಅವನ ಮೊಸಳೆ ಮೊದಲು ಏಳು ಮೊಳವಿತ್ತು, ಈಗ ಎಪ್ಪತ್ತಾಗಿದೆ. ಮೊದಮೊದಲು ಸಿಟ್ಟಾಗುತ್ತಿತ್ತು. ಆ ಸುಳ್ಳಿನಿಂದ ಎಷ್ಟು ಹೆಣ್ಣುಮಕ್ಕಳು ಮಡುವಿಗೆ ಬೀಳದೆ ಮುದುಕಿಯರಾಗಿ ಸತ್ತರು ಎಂದು ಯೋಚಿಸಿದ ಮೇಲೆ ಸುಮ್ಮನಾದೆ.

ಈ ಸಲವೂ ಮಾಚವ್ವ ಕೋಲೂರಿಕೊಂಡು ಬಂದು ಕಂಬಕ್ಕೆ ಒರಗಿ ಕೂತಿದ್ದಳು. ಪಾದ ಸೊರಗಿವೆ, ಆದರೂ ಗುರುತು ಹತ್ತಿತು. ಸೋಮಿಯ ಮೊಮ್ಮಗಳು ಮಗ್ಗುಲಲ್ಲಿ ಕೂತು ಬಾಯಿ ಬಿಟ್ಟುಕೊಂಡು ಹಾಡು ಕೇಳುತ್ತಿದ್ದಳು.

"ಅಜ್ಜೀ, ನೀ ಅದನ್ನ ನೋಡೀಯಂತಲ್ಲ. ಖರೇವಂದ್ರೂ ಎಷ್ಟು ದೊಡ್ಡದಿತ್ತು?"

ಮಾಚವ್ವ ಹುಡುಗಿಯನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ನಿನ್ನಷ್ಟಽ ಇತ್ತವ್ವಾ" ಎಂದಳು.