ಇಳಿಸಿದ ಕೆಂಪು

ವಿಡಿಯೋ ಟೇಪಿಗೆ ಬೂಷ್ಟು ಹಿಡಿದಿತ್ತು. "ಒಂದೇ ಸಲ ಓಡತ್ತೆ ಅಮ್ಮ, ಆಮೇಲೆ ಇದರ ಆಸೆ ಬಿಡಿ" ಎಂದು ಅವಳು ಮೊದಲೇ ಹೇಳಿದಳು.

ಎದುರು ಕೂತಿದ್ದ ಲಾಂಡ್ರಿಯಮ್ಮ ತಲೆಯಾಡಿಸಿದರು. "ಒಂದು ಸಲ ಸಾಕು ಕಣಮ್ಮ. ತೊರೆ ನೀರು ಕೆಂಪಗೆ ಹರೀತಿತ್ತು ಅಂತ ಹನ್ನೊಂದು ವರ್ಷದಿಂದ ಬಾಯಿ ಬಡ್ಕೊಂಡೆ. ಬಣ್ಣದ ಕಾರ್ಖಾನೆಯೋರು ಸುಳ್ಳು ಅಂದ್ರು. ನಮ್ಮ ಯಜಮಾನ್ರು ತೆಗೆದಿದ್ದು ಇದೊಂದೇ ಉಳಿದಿರೋದು."

ಯಜಮಾನರು ಆ ತೊರೆಯಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತು ಬಟ್ಟೆ ಒಗೆದವರು. ಕಾಲಿನ ಹುಣ್ಣು ಮಾಯದೆಯೇ ತೀರಿಹೋಗಿದ್ದರು. ಈಗ ವಿಚಾರಣಾಧಿಕಾರಿ ಟೇಪಿನ ನಕಲು ಕೇಳಿದ್ದರು. ಜೊತೆಗೆ, ಬಣ್ಣವನ್ನೇನೂ ತಿದ್ದಿಲ್ಲ ಎಂಬ ಪ್ರಮಾಣಪತ್ರ.

ಹಳೆಯ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸುವ ಆ ಅಂಗಡಿ ಮೇಷ್ಟ್ರದ್ದು. ಶಾಲೆಯಲ್ಲಿ ಎಂದೂ ಪಾಠ ಮಾಡಿದವರಲ್ಲ. ಅವಳಿಗೆ ಕೆಲಸ ಕಲಿಸಿದ್ದರಿಂದ ಮೇಷ್ಟ್ರಾದರು. ಮೊದಲ ವಾರವೇ ಟೇಪಿನ ಚಿತ್ರವನ್ನು ಕಂಪ್ಯೂಟರಿಗೆ ಎಳೆದುಕೊಳ್ಳುವ ಕ್ಯಾಪ್ಚರ್ ಕಾರ್ಡಿನ ಸೆಟ್ಟಿಂಗು ತೆರೆದು, ಬಣ್ಣದ ಗಾಢತೆ ಏರಿಳಿಸುವ ಸ್ಯಾಚುರೇಷನ್, ಕಲರ್ ಗೇನ್ ಎಂಬೆರಡು ಪಟ್ಟಿಗಳನ್ನು ತೋರಿಸಿ, "ಬಣ್ಣ ಒಳಗೆ ಬರೋವಾಗಲೇ ತಗ್ಗಿದ್ರೆ ಆಮೇಲೆ ತಲೆಕೆಳಗಾಗಿ ನಿಂತ್ರೂ ಸರಿಯಾಗಿ ವಾಪಸ್ ಬರಲ್ಲ. ಇಲ್ಲಿ ಕೈ ಹಾಕೋಕೆ ಮುಂಚೆ ಹತ್ತು ಸಲ ಯೋಚನೆ ಮಾಡು" ಎಂದಿದ್ದರು. ಹದಿನಾಲ್ಕು ವರ್ಷ ಅವಳು ಆ ಮಾತು ಮೀರಿರಲಿಲ್ಲ.

ಅಂದು ಮಧ್ಯಾಹ್ನ ಅವಳು ಟೇಪು ಒರೆಸಿ ಯಂತ್ರಕ್ಕೆ ಹಾಕುವಷ್ಟರಲ್ಲಿ ಮೇಷ್ಟ್ರು ಬಂದರು. "ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಹಾಕಿಲ್ಲ ನೀನು. ಹೋಗಿ ತಿಂದು ಬಾ, ನಾನು ಓಡಿಸ್ತೀನಿ." ಅವಳು ತಿಂದು ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಟೇಪು ಓದುವ ಯಂತ್ರದ ಹೆಡ್ಡಿಗೆ ಟೇಪಿನ ಲೇಪವೆಲ್ಲ ಕಿತ್ತುಬಂದು ಕಂದು ಪುಡಿ ಮೆತ್ತಿಕೊಂಡಿತ್ತು. ಮೇಷ್ಟ್ರು ಚಾಚಿದ ಪ್ರಮಾಣಪತ್ರಕ್ಕೆ ಅವಳು ನಿಂತಲ್ಲೇ ಸಹಿ ಹಾಕಿದಳು.

ವಿಚಾರಣೆಯ ಕೋಣೆಯಲ್ಲಿ ತೆರೆಯ ಮೇಲೆ ಹರಿದದ್ದು ಕೆಸರು ನೀರು. ಅವಳು ಮುಂದೆ ಬಾಗಿ ನೋಡಿದಳು. ನೀರಷ್ಟೇ ಅಲ್ಲ, ದಡದ ಹುಲ್ಲು, ಹಗ್ಗದ ಮೇಲಿದ್ದ ಬಟ್ಟೆ, ಎಲ್ಲವೂ ಬೂದಿ ಬಡಿದಂತಿದ್ದವು.

"ಮಣ್ಣು ನೀರಿಗೆ ಇಷ್ಟೊಂದು ರಂಪವೇ?" ಎಂದರು ಕಾರ್ಖಾನೆಯ ವಕೀಲರು.

ಲಾಂಡ್ರಿಯಮ್ಮ ಕೂಗಾಡಲಿಲ್ಲ. ಅವಳ ಕಡೆ ತಿರುಗಿ, "ನೀನೂನಾ?" ಎಂದರು, ಅಷ್ಟೇ.

ಅವಳು ಓಡೋಡಿ ಅಂಗಡಿಗೆ ಬಂದು ಕಂಪ್ಯೂಟರ್ ಹಾಕಿದಳು. ಪ್ರತಿ ಟೇಪು ಇಳಿಸಿದಾಗಲೂ ಆ ಹೊತ್ತಿನ ಸೆಟ್ಟಿಂಗುಗಳು ಒಂದು ಪುಟ್ಟ ಕಡತದಲ್ಲಿ ದಾಖಲಾಗುತ್ತಿದ್ದವು. ಸ್ಯಾಚುರೇಷನ್ ಎಂದಿನಂತೆ ನೂರಿಪ್ಪತ್ತೆಂಟು ಇರಬೇಕಿತ್ತು; ಇಪ್ಪತ್ತೆರಡಿತ್ತು. ಕುಂದಿದ ಬಣ್ಣವನ್ನು ತಾನಾಗಿ ಎತ್ತುವ ಆಟೋ ಕಲರ್ ಗೇನ್ ಆಫ್. ಸಮಯ ಒಂದು ನಲವತ್ತು. ಮೇಷ್ಟ್ರು ಅವಳನ್ನು ಊಟಕ್ಕೆ ಕಳಿಸಿದ ಹೊತ್ತು.

"ನೀವಾ ಮೇಷ್ಟ್ರೇ?"

ಅವರು ಕನ್ನಡಕ ತೆಗೆದು ಒರೆಸತೊಡಗಿದರು. "ಅಳಿಯ ಆ ಕಾರ್ಖಾನೇಲಿ ಮ್ಯಾನೇಜರು. ಅದು ಮುಚ್ಚಿದ್ರೆ ನನ್ನ ಮಗಳ ಸಂಸಾರ ಬೀದಿಗೆ ಬೀಳತ್ತೆ. ನನಗೆ ದಾರಿ ಕಾಣಲಿಲ್ಲ."

"ಸಹಿ ನೀವೇ ಹಾಕಬಹುದಿತ್ತಲ್ಲ. ನನ್ನ ಕೈಲಿ ಯಾಕೆ ಹಾಕಿಸಿದ್ರಿ?"

"ನಾನು ಹಾಕಿದ್ರೆ ಅಳಿಯನ ನಂಟು ತೆಗೀತಿದ್ರು. ನಿನ್ನನ್ನ ಯಾರೂ ಅನುಮಾನಿಸಲ್ಲ ಅಂತ..."

ಅವಳಿಗೆ ಕಪಾಳಕ್ಕೆ ಹೊಡೆದಂತಾಯಿತು. ಹದಿನಾಲ್ಕು ವರ್ಷ ಗಳಿಸಿದ ಒಳ್ಳೆಯ ಹೆಸರನ್ನು, ಹೆಸರು ಗಳಿಸುವುದನ್ನು ಕಲಿಸಿದವರೇ ಬಳಸಿಕೊಂಡಿದ್ದರು.

ಕಳೆದುಹೋದ ಬಣ್ಣವನ್ನು ಎತ್ತಲು ಅವಳು ಒಮ್ಮೆ ನೋಡಿದಳು. ಸ್ಯಾಚುರೇಷನ್ ಏರಿಸಿದರೆ ಚಿತ್ರದ ತುಂಬ ಕಜ್ಜಿಯಂಥ ಕಲೆಗಳೆದ್ದವು. ಅದನ್ನು ತೋರಿಸಿದರೆ, ಕೆಂಪನ್ನು ನೀನೇ ಬಳಿದೆ ಎನ್ನುತ್ತಾರೆ. ಮರುದಿನ ಸೆಟ್ಟಿಂಗಿನ ಕಡತವನ್ನಷ್ಟೇ ವಿಚಾರಣಾಧಿಕಾರಿಯ ಮೇಜಿನ ಮೇಲಿಟ್ಟಳು.

"ನೋಡದೆ ಸಹಿ ಹಾಕಿದ್ರಾ?"

"ಹೌದು ಸರ್. ಅವರು ಕೊಟ್ಟಿದ್ದನ್ನ ಯಾವತ್ತೂ ಓದಿ ನೋಡಿದವಳಲ್ಲ."

ನಕಲನ್ನು ಅಧಿಕಾರಿ ಬದಿಗಿಟ್ಟು, ಕಾರ್ಖಾನೆಯ ಕೊಳವೆ ಸೇರುವಲ್ಲಿ ತೊರೆಯ ತಳ ಅಗೆಸಿದರು. ಮೊಳದಾಳದ ಕೆಸರಿನಲ್ಲಿ ಬಣ್ಣ ಸಿಕ್ಕಿತು. ಎರಡು ತಿಂಗಳಲ್ಲಿ ಕೊಳವೆಗೆ ಸಿಮೆಂಟು ಬಿತ್ತು, ಅಳಿಯನ ಕೆಲಸ ಹೋಯಿತು. ಪ್ರಮಾಣಪತ್ರ ಕೊಡುವ ಅವಳ ಅಧಿಕಾರವೂ ಒಂದು ವರ್ಷಕ್ಕೆ ರದ್ದಾಯಿತು. ಅವಳು ಅಂಗಡಿ ಬಿಟ್ಟು ಮೂರು ಬೀದಿ ಆಚೆ ಒಂದು ಕೋಣೆ ಹಿಡಿದಳು.

ಲಾಂಡ್ರಿಯಮ್ಮ ಹುಡುಕಿಕೊಂಡು ಬಂದರು. "ಅವತ್ತು ದುಡುಕಿಬಿಟ್ಟೆ. ಮನಸಲ್ಲಿ ಇಟ್ಕೋಬೇಡ."

"ನೀವು ಕೇಳಿದ್ದು ಸರಿಯಾಗೇ ಇತ್ತು. ಕೇಳಿಸ್ಕೋಬೇಕಿದ್ದೋರು ಅವತ್ತು ಅಲ್ಲಿ ಇರಲಿಲ್ಲ."

ಆಮೇಲೂ ಮೇಷ್ಟ್ರು ಅವಳಿಗೆ ಸಂತೆಯಲ್ಲಿ ಎರಡು ಸಲ ಎದುರಾದರು. ಮೊದಲನೆಯ ಸಲ ಅವರೇ ಮುಖ ತಿರುಗಿಸಿಕೊಂಡರು, ಎರಡನೆಯ ಸಲ ಅವಳು.