ಕಿವಿಗೆ ಬಿದ್ದ ಸೂತಕ

ದಶೈಂ ಎಂದು ಅವರು ಕರೆಯುವ ದಸರೆಯ ಅಷ್ಟಮಿ ಬೆಳಿಗ್ಗೆ ಫೋನು ಬಂದಾಗ ಲೀಲಾಧರ ಖನಾಲ್ ಅಂಗಳದಲ್ಲಿ ನಿಂತು, ಬಲಿಗೆ ತಂದ ಹೋತದ ಹಗ್ಗ ಬಿಗಿಯಾಗಿದೆಯೋ ಇಲ್ಲವೋ ಎಂದು ಎಳೆದು ನೋಡುತ್ತಿದ್ದ. ಕತಾರಿನಿಂದ ಕರೆ. ತೀರಿಕೊಂಡ ತಮ್ಮನ ಮಗ ಯುಬರಾಜನೇ ಇರಬೇಕೆಂದುಕೊಂಡು, "ಏನೋ, ಈ ದಶೈಂಗೂ ಚಕ್ಕರ್ ಹೊಡೆದೆಯಲ್ಲ" ಎಂದು ರೇಗಿಸಿದ. ಆದರೆ ಆ ಕಡೆ ಇದ್ದವನು ಯುಬರಾಜನ ಕೋಣೆಯ ಜೊತೆಗಾರ. ರಾತ್ರಿ ಉಂಡು ಮಲಗಿದ ಯುಬರಾಜ ಬೆಳಿಗ್ಗೆ ಏಳಲಿಲ್ಲ ಎಂದು ಹೇಳಿ ಅತ್ತ. ಶವದ ಪೆಟ್ಟಿಗೆ ಊರು ಸೇರಲು ಎರಡು ಮೂರು ವಾರವಾದರೂ ಬೇಕು, ಅವನ ಹೆಂಡತಿಗೆ ಹೇಳುವ ಧೈರ್ಯ ನಮಗಿಲ್ಲ, ನೀವೇ ಹೇಗಾದರೂ ತಿಳಿಸಿ ಎಂದ.

"ನಾನು ಹೇಳ್ತೀನಿ. ನೀವ್ಯಾರೂ ಅವಳಿಗೆ ಫೋನ್ ಮಾಡ್ಬೇಡಿ" ಎಂದು ಲೀಲಾಧರ ಫೋನಿಟ್ಟ.

ಹೇಳಬೇಕೆಂದೇ ಮನೆಯ ಕಡೆ ನಾಲ್ಕು ಹೆಜ್ಜೆ ಹಾಕಿದ. ಅಲ್ಲಿಗೆ ಕಾಲು ನಿಂತಿತು. ದೂರದೇಶದ ಸಾವಿನ ಸೂತಕ ಸತ್ತ ಗಳಿಗೆಯಿಂದ ಹಿಡಿಯುವುದಲ್ಲ, ಸುದ್ದಿ ಕಿವಿಗೆ ಬಿದ್ದ ಗಳಿಗೆಯಿಂದ. ಬಾಯಿ ಬಿಟ್ಟರೆ ಊರ ಗುಡ್ಡದ ಮೇಲಿನ ಅಷ್ಟೂ ಖನಾಲ್ ಮನೆಗಳಿಗೆ ಹದಿಮೂರು ದಿನ ಮೈಲಿಗೆ. ದೇವಿಯ ಕೋಣೆಗೆ ಬೀಗ. ಘಟವಿಟ್ಟ ದಿನ ಮರಳಲ್ಲಿ ಬಿತ್ತಿ, ಬಿಸಿಲು ಸೋಕಿಸದೆ ಹಳದಿಯಾಗಿ ಬೆಳೆಸಿದ ಜವೆಗೋಧಿಯ ಸಸಿ ಯಾರ ಮುಡಿಗೂ ಏರದೆ ಹೊಳೆಪಾಲು. ದೂರದೂರಿನಿಂದ ಬಸ್ಸಿನಲ್ಲಿ ವಾಂತಿ ಮಾಡಿಕೊಳ್ಳುತ್ತ ಬಂದ ಹೆಣ್ಣುಮಕ್ಕಳು ದಶಮಿಯ ತಿಲಕವಿಲ್ಲದೆ ವಾಪಸು ಹೋಗಬೇಕು. ಮತ್ತೆ ಯುಬರಾಜನ ಹೆಂಡತಿ ಗೋಮಾ? ಗಂಡ ಯಾರದೋ ಕೈಯಲ್ಲಿ ಕಳಿಸಿದ ಕೆಂಪು ಸೀರೆಯನ್ನು ಅವಳು ದಶಮಿಗೆಂದು ಎತ್ತಿಟ್ಟಿದ್ದಳು. ಜನ್ಮವೆಲ್ಲ ಬಿಳಿ ಉಡುವುದು ಇದ್ದೇ ಇದೆ, ಎರಡು ದಿನ ತಡೆಯೋಣ, ಪಾಪದ ಹುಡುಗಿ ಒಮ್ಮೆ ಕೆಂಪು ಉಟ್ಟುಕೊಳ್ಳಲಿ ಎಂದು ಮುದುಕ ತನಗೆ ತಾನೇ ಹೇಳಿಕೊಂಡ. ಇದರಲ್ಲಿ ಕನಿಕರವೆಷ್ಟು, ಹಬ್ಬದ ಆಸೆಯೆಷ್ಟು ಎಂದು ಕೇಳಿದ್ದರೆ ಅವನಿಗೇ ಹೇಳಲು ಬರುತ್ತಿರಲಿಲ್ಲ. ಹೆದರಿಕೆಯ ಪಾಲೇ ದೊಡ್ಡದಿರಬೇಕು. ಯಾರ ಮುಂದೆ ನಿಂತು ಆ ಮಾತು ಆಡುವುದಕ್ಕೂ ಅವನಿಗೆ ಎದೆ ಇರಲಿಲ್ಲ.

ಆದರೆ ಅವನ ಕಿವಿಗಂತೂ ಬಿದ್ದಾಗಿತ್ತು. ಸೂತಕದವನು ದೇವಿಯ ಕೋಣೆಗೆ ಕಾಲಿಡುವ ಹಾಗಿಲ್ಲ. ಅಷ್ಟು ದೊಡ್ಡ ಸುಳ್ಳಿಗೆ ಅಣಿಯಾದವನು ಇಷ್ಟಕ್ಕೆ ಹೆದರಿದ. ಸೊಂಟ ಹಿಡಿದುಕೊಂಡಿದೆ ಎಂದು ಹೇಳಿ ಪೂಜೆಯನ್ನೂ ಸಸಿಗೆ ನೀರು ಹಾಕುವುದನ್ನೂ ಕಿರಿಯ ತಮ್ಮ ಹೋಮನಾಥನಿಗೆ ವಹಿಸಿದ. ಹೋಮನಾಥ ಹಿಗ್ಗಿಹೋದ. ಮೂವತ್ತು ವರ್ಷದಿಂದ ಅಣ್ಣ ಬಿಡದಿದ್ದ ಹೊಸ್ತಿಲನ್ನು ಅಣ್ಣನ ಸೊಂಟ ಬಿಟ್ಟುಕೊಟ್ಟಿತಲ್ಲ ಎಂದು ಎಲ್ಲರ ಮುಂದೆ ಹಾಸ್ಯ ಮಾಡಿದ. ಲೀಲಾಧರನ ಹೆಂಡತಿ ಬಿಷ್ಣುಮಾಯಾ ಎಣ್ಣೆ ಬಿಸಿಮಾಡಿ ತಂದು ಉಜ್ಜಿದಳು. ನೋಯದ ಸೊಂಟವನ್ನು ಅವಳ ಕೈಗೊಪ್ಪಿಸಿ ಅವನು ಗೋಡೆ ನೋಡುತ್ತ ಮಲಗಿದ್ದ. ಐವತ್ತು ವರ್ಷ ಅವಳಿಂದ ಏನನ್ನೂ ಮುಚ್ಚಿಡದವನಿಗೆ ಇದೊಂದನ್ನು ಹೇಳಲಾಗಲಿಲ್ಲ. ಹೇಳಿದರೆ ಅವಳಿಗೂ ಮೈಲಿಗೆ, ಅವಳ ಕೈಯ ಅಡುಗೆಗೂ ಮೈಲಿಗೆ.

ಮಧ್ಯಾಹ್ನ ಬಲಿಯ ಮಾಂಸ ಬೆಂದಿತು. ಲೀಲಾಧರ ಹೊಟ್ಟೆ ಸರಿಯಿಲ್ಲವೆಂದು ಉಪ್ಪಿಲ್ಲದ ಬರೀ ಅನ್ನ ತಿಂದ. ಸತ್ತವನಿಗಾಗಿ ಮಾಡಬೇಕಾದ್ದರಲ್ಲಿ ಕದ್ದು ಮಾಡಬಹುದಾದದ್ದು ಅಷ್ಟೇ. ಊಟದ ಮೇಲೆ ಗೋಮಾ ಬಿದಿರಿನ ಉಯ್ಯಾಲೆ ಹತ್ತಿದಳು. ದಶೈಂನಲ್ಲಿ ಒಮ್ಮೆಯಾದರೂ ನೆಲ ಬಿಡಬೇಕೆಂದು ಹೆಂಗಸರೆಲ್ಲ ಸೇರಿ ತಳ್ಳಿದರು. ಅವಳ ನಗು ಜಗಲಿಯವರೆಗೂ ಕೇಳುತ್ತಿತ್ತು. ಮುದುಕ ಟೋಪಿಯನ್ನು ಕಿವಿ ಮುಚ್ಚುವಷ್ಟು ಕೆಳಗೆಳೆದುಕೊಂಡ.

ಇಳಿದು ಬಂದವಳು ನೇರ ಅವನ ಬಳಿಗೇ ಬಂದಳು.

"ದೊಡ್ಡಮಾವ, ಇವರ ಫೋನೇ ಹತ್ತುತ್ತಿಲ್ಲ. ನಿಮಗೇನಾದ್ರೂ ಮಾಡಿದ್ರಾ?"

ಇಲ್ಲ ಎಂದಿದ್ದರೆ ಸುಳ್ಳು ಚಿಕ್ಕದಾಗುತ್ತಿತ್ತು. "ಬೆಳಿಗ್ಗೆ ಮಾಡಿದ್ದ ಕಣಮ್ಮ. ಎರಡು ಪಾಳಿ ಕೆಲಸವಂತೆ. ದಶಮಿ ದಿನ ತಿಲಕದ ಹೊತ್ತಿಗೆ ಮಾಡ್ತಾನಂತೆ" ಎಂದುಬಿಟ್ಟ.

ನವಮಿಯಿಡೀ ಅವಳು ಆ ಮಾತನ್ನು ಮನೆತುಂಬ ಹೇಳಿಕೊಂಡು ತಿರುಗಿದಳು. ನಾಲ್ಕು ವರ್ಷದ ಮಗಳು ಸೃಜನಾಳಿಗೆ, ಅಪ್ಪ ಫೋನಿನಲ್ಲಿ ಕಂಡಾಗ ಹೇಗೆ ಹಣೆ ತೋರಿಸಬೇಕೆಂದು ಕಲಿಸಿದಳು. ಲೀಲಾಧರ ಎರಡು ಸಲ ಅವಳನ್ನು ಕರೆಯಲೆಂದು ಬಾಯಿ ತೆರೆದ. ಎರಡು ಸಲವೂ ಕುಡಿಯಲು ನೀರು ಕೇಳಿದ.

ದಶಮಿಯಂದು ರೇಡಿಯೋದವರು ಹೇಳಿದ ಮುಹೂರ್ತಕ್ಕೆ ಸರಿಯಾಗಿ ಅಕ್ಕಿ, ಮೊಸರು, ಕೆಂಪು ಬಣ್ಣ ಕಲಸಿದ ತಟ್ಟೆ ಜಗಲಿಗೆ ಬಂತು. ಪಕ್ಕದಲ್ಲಿ ಕಿತ್ತು ತಂದ ಜವೆಯ ಸಸಿ. ತಿಲಕ ಮನೆಯ ಹಿರಿಯನ ಕೈಯಿಂದಲೇ ಆಗಬೇಕು. ಇದನ್ನೂ ನೀನೇ ಮುಗಿಸಿಬಿಡು ಎಂದು ಲೀಲಾಧರ ತಮ್ಮನಿಗೆ ಹೇಳಿನೋಡಿದ.

"ನೀನು ಕಲ್ಲುಗುಂಡಿನ ಹಾಗೆ ಕೂತಿರುವಾಗ ನನ್ನ ಕೈಲಿ ಹಚ್ಚಿಸ್ಕೊಳ್ಳೋಕೆ ಇವರೇನು ಅನಾಥರಾ? ಸೊಂಟ ನೋಯೋನಿಗೆ ಕೈ ನೋಯುತ್ತಾ?" ಎಂದು ಹೋಮನಾಥ ತಟ್ಟೆಯನ್ನು ಅವನ ಮುಂದಕ್ಕೇ ತಳ್ಳಿದ.

ಮೈಲಿಗೆಯ ಕೈ ತಟ್ಟೆಗಿಳಿಯಿತು. ಮೊದಲು ಬಿಷ್ಣುಮಾಯಾ, ಆಮೇಲೆ ಹೋಮನಾಥ, ಅವನ ಹೆಂಡತಿ. ಮುತ್ತೈದೆಯರಿಗೆ ಹರಕೆಯ ಮಾತು ಒಂದೇ: ನಿನ್ನ ಕುಂಕುಮ ಗಟ್ಟಿಯಾಗಿರಲಿ, ಗಂಡನ ಜೊತೆ ನೂರು ವರ್ಷ ಬಾಳು. ಅದನ್ನೇ ಲೀಲಾಧರ ಒಬ್ಬೊಬ್ಬರಿಗೂ ಹೇಳುತ್ತ ಹೋದ. ಗೋಮಾಳ ಸರದಿ ಹತ್ತಿರವಾಗುತ್ತಿತ್ತು.

ಅವಳು ಕೆಂಪು ಸೀರೆಯುಟ್ಟು ಬಂದು ಕೂತಳು. ತೊಡೆಯ ಮೇಲೆ ಫೋನು. ಅವನು ನೀರು ಚಿಮುಕಿಸಿದ, ಹಣೆತುಂಬ ತಿಲಕ ಒತ್ತಿದ, ಮುಡಿಗೆ ಸಸಿ ಸಿಕ್ಕಿಸಿದ, ಮಂತ್ರವನ್ನೂ ಹೇಳಿದ. ಅವಳು ತಲೆಬಾಗಿ ಹರಕೆಗೆ ಕಾದಳು. ಎರಡು ದಿನ ಸುಳ್ಳು ಹೇಳಿದ ಬಾಯಿಗೆ ಇದೊಂದು ಹೆಚ್ಚೇ ಎಂದು ಅವನು ಲೆಕ್ಕ ಹಾಕಿದ್ದ. ಆದರೆ ನಾಲಿಗೆ ಹೊರಳಲಿಲ್ಲ.

"ಆರೋಗ್ಯವಾಗಿರು. ಮಗಳನ್ನ ಚೆನ್ನಾಗಿ ಓದಿಸು" ಎಂದ.

"ಏನ್ರೀ, ಮುಖ್ಯವಾದ್ದನ್ನೇ ನುಂಗಿಬಿಟ್ರಲ್ಲ" ಎಂದು ಬಿಷ್ಣುಮಾಯಾ ನಕ್ಕಳು. ಎಲ್ಲರೂ ನಕ್ಕರು. ಹೋಮನಾಥ, ಅಣ್ಣನಿಗೆ ಅರಳುಮರುಳು ಹಿಡಿಯಿತು ಎಂದ.

"ಆರೋಗ್ಯವಾಗಿರು" ಎಂದು ಮುದುಕ ಮತ್ತೆ ಅದನ್ನೇ ಹೇಳಿದ.

ಗೋಮಾ ತಲೆಯೆತ್ತಿ ಅವನ ಮುಖ ನೋಡಿದಳು. ದಡ್ಡಿಯಲ್ಲ ಅವಳು. ದೇವಿಯ ಕೋಣೆಗೆ ಹೋಗದ ಮಾವ, ಉಪ್ಪು ಬಿಟ್ಟ ಮಾವ, ಈಗ ಈ ಹರಕೆ. ಅವಳ ಮುಖದಿಂದ ರಕ್ತ ಇಳಿದುಹೋದದ್ದು ಅವನೊಬ್ಬನಿಗೇ ಕಂಡಿತು. ಕಾಲಿಗೆರಗುವವಳ ಹಾಗೆ ಬಾಗಿ, ಅವನಿಗಷ್ಟೇ ಕೇಳುವಂತೆ ಕೇಳಿದಳು.

"ಯಾವತ್ತು?"

"ಅಷ್ಟಮಿ. ಬೆಳಿಗ್ಗೆ."

ಅವಳ ಹಣೆ ಅವನ ಪಾದದ ಮೇಲೆ ಬಹಳ ಹೊತ್ತು ಇತ್ತು. ಎಂಥ ಭಕ್ತಿ ಇವಳದು ಎಂದು ಹಿಂದಿನಿಂದ ಯಾರೋ ಮೆಚ್ಚಿಕೊಂಡರು. ತಲೆಯೆತ್ತಿದವಳು ಸಾಲಿನಲ್ಲಿದ್ದ ಸೃಜನಾಳನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡಳು.

"ಇವಳಿಗೆ ಹಚ್ಚಿ."

ಹಚ್ಚಿದ. ಅರ್ಧ ಅಕ್ಕಿ ಮಗುವಿನ ಮೂಗಿನ ಮೇಲೆ ಬಿತ್ತು.

"ಹರಸಿ. ಎಲ್ಲರಿಗೂ ಕೇಳೋ ಹಾಗೆ."

ಲೀಲಾಧರ ಹರಸಿದ. ಏನು ಹೇಳಿದನೋ ಅವನಿಗೇ ನೆನಪಿಲ್ಲ. ಗೋಮಾ ಮಗಳನ್ನು ಬಿಷ್ಣುಮಾಯಾಳ ಕೈಗೆ ಕೊಟ್ಟು ಎದ್ದು ನಿಂತಳು.

"ದೊಡ್ಡತ್ತೆ, ನಿಮ್ಮ ಯುಬರಾಜ ತೀರ್ಕೊಂಡು ಎರಡು ದಿನ ಆಯ್ತಂತೆ."

ಬಿಷ್ಣುಮಾಯಾ ಮಗುವನ್ನು ಎದೆಗೊತ್ತಿಕೊಂಡು ಕುಸಿದು ಕೂತಳು. ಹೋಮನಾಥ ಏನೋ ಕೇಳಲು ಬಾಯಿ ತೆರೆದ. ಗೋಮಾ ಅವರಾರ ಕಡೆಗೂ ತಿರುಗಲಿಲ್ಲ.

"ಕೆಂಪು ಉಡ್ಲಿ ಅಂತ ಮುಚ್ಚಿಟ್ರಾ, ದೊಡ್ಡಮಾವ? ನನ್ನ ಗಂಡ ಸತ್ತಿದ್ದ. ನಾನು ಎರಡು ದಿನ ನಕ್ಕಿದ್ದೀನಿ. ನಿಮ್ಮ ದೇವಿಗೆ ಮೈಲಿಗೆ ಆಗ್ಲಿಲ್ಲ, ಸರಿ. ನಾನು ನಕ್ಕಿದ್ದನ್ನ ಯಾವ ನೀರಲ್ಲಿ ತೊಳ್ಕೊಳ್ಳಲಿ, ನೀವೇ ಹೇಳಿ."

ಸಾಲಿನಲ್ಲಿ ಇನ್ನೂ ಐದು ಜನ ಉಳಿದಿದ್ದರು. ಅವರಲ್ಲಿ ಯಾರೂ ಮುಂದೆ ಬರಲಿಲ್ಲ.