ಡಿಕ್ಕಿಯ ಮೇಲಿನ ಬುತ್ತಿ

ದಾಂಡೇಲಿಯ ಹಳಿಯಾಳ ರಸ್ತೆಯಲ್ಲಿ ಒಂದು ತಗಡಿನ ಶೆಡ್ಡು. ಅದರ ಬಲ ಅರ್ಧದಲ್ಲಿ ಬಾಲು ವೆಲ್ಡಿಂಗ್ ಮಾಡುತ್ತಿದ್ದ. ಎಡ ಅರ್ಧದಲ್ಲಿ ಅವನ ಅಕ್ಕ ತುಳಜಾ ಜೀಪು, ಟೆಂಪೊ, ಟ್ರ್ಯಾಕ್ಟರುಗಳ ಸೀಟು ಹೊಲಿಯುತ್ತಿದ್ದಳು. ಬೋರ್ಡು ಮಾತ್ರ ಒಂದೇ: 'ಬಾಲು ವೆಲ್ಡಿಂಗ್ ಮತ್ತು ಕುಶನ್ ವರ್ಕ್ಸ್'. ಒಂಬತ್ತು ವರ್ಷದ ಹಿಂದೆ ಅಪ್ಪ ಗೇಮಪ್ಪ ಬರೆಸಿದ್ದು. ಗಂಡುಮಗನ ಹೆಸರಿದ್ದರೆ ಗಿರಾಕಿ ನಂಬುತ್ತಾರೆ ಎಂದು ಅವನ ಎಣಿಕೆ. ಬಾಲು ಅಲ್ಲಿಯವರೆಗೆ ಸೂಜಿಗೆ ದಾರ ಪೋಣಿಸಿದವನಲ್ಲ, ಆಮೇಲೂ ಪೋಣಿಸಲಿಲ್ಲ. ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಂಡಿತು ಅನ್ನುತ್ತಾರಲ್ಲ, ಹಾಗೆ. ಬಾಲು ಹಾವಿನಂಥವನೇನಲ್ಲ, ಒಳ್ಳೆಯ ಹುಡುಗನೇ. ಆದರೆ ಜನ ತುಳಜಾಳ ಎದುರಿಗೇ ನಿಂತು "ಬಾಲುನ ಕುಶನ್ ಕೆಲಸ ಭಾಳ ಚಲೋ" ಅಂದಾಗ ಅವನು ಒಮ್ಮೆಯೂ ತಿದ್ದಿರಲಿಲ್ಲ. ಅದು ಅವಳಿಗೆ ಪ್ರತಿ ಸಲ ಚುಚ್ಚುತ್ತಿತ್ತು.

ಎರಡು ಸಾವಿರದ ಒಂದನೇ ಇಸವಿಯ ಡಿಸೆಂಬರಿನಲ್ಲಿ ಆ ಶೆಡ್ಡಿನ ಮುಂದೆ ಒಂದು ಕೆಂಪು ಕಾರು ಬಂದು ನಿಂತಿತು. ಎರಡೇ ಸೀಟು, ತಲೆಯ ಮೇಲೆ ಮಡಚುವ ಬಟ್ಟೆಯ ಹೊದಿಕೆ, ಎತ್ತರ ಅಂದರೆ ತುಳಜಾಳ ಸೊಂಟದಷ್ಟು. ಕಾಗದ ಕಾರ್ಖಾನೆಯ ಎಲೆಕ್ಟ್ರಿಷಿಯನ್ ಸುಭಾಸ ಅದನ್ನು ಗೋವಾದ ಹೋಟೆಲಿನವರೊಬ್ಬರಿಂದ ಸೆಕೆಂಡ್ ಹ್ಯಾಂಡಿಗೆ ತಂದಿದ್ದ. ಅವನ ಅಪ್ಪ ಯಲ್ಲಪ್ಪ ಅದನ್ನು ನೋಡಿ, "ಹಾಸಿಗಿ ಇದ್ದಷ್ಟು ಕಾಲು ಚಾಚು ಅಂತಾರ, ಇದರಾಗ ಕಾಲು ಚಾಚಾಕ ಜಾಗಾನ ಇಲ್ಲಲೋ" ಎಂದದ್ದು ಕಾರ್ಖಾನೆಯ ಕ್ವಾರ್ಟರ್ಸಿನ ತುಂಬ ಹಬ್ಬಿತ್ತು.

ಸುಭಾಸನ ಪಕ್ಕದ ಸೀಟಿನಿಂದ ಅವನ ತಾಯಿ ಮಾಲವ್ವ, ಬಾವಿಯಿಂದ ಕೊಡ ಎಳೆದಂತೆ, ಎರಡು ಎಳೆತಕ್ಕೆ ಮೇಲೆ ಬಂದಳು. ಬಂದವಳೇ ತುಳಜಾಳನ್ನು ಕೇಳಿದಳು.

"ಬಾಲು ಎಲ್ಲೆ ಹೋಗ್ಯಾನವಾ? ನೀ ಅವನ ಅಕ್ಕ ಅಲ್ಲಾ? ಅವನ್ನ ಕರಿ, ಕೆಲಸ ಐತಿ."

"ನನ್ನ ಮುಂದನ ಹೇಳ್ರಿ ಅವ್ವಾರ" ಎಂದಳು ತುಳಜಾ.

ಮಾಲವ್ವ ಹೇಳಿದಳು. ಮಗಳು ಜ್ಯೋತಿ ಮುಂಡಗೋಡದಲ್ಲಿ ಗಂಡನ ಮನೆಯಲ್ಲಿದ್ದಾಳೆ, ಏಳು ತಿಂಗಳು. ರವಿವಾರ ಕುಬಸ, ಅಂದರೆ ಸೀಮಂತ. ತವರಿನಿಂದ ಬಯಕೆ ಬುತ್ತಿ ಹೋಗಬೇಕು: ಶೇಂಗಾ ಹೋಳಿಗೆ, ಕರ್ಚಿಕಾಯಿ, ಚಟ್ನಿಪುಡಿ, ಮತ್ತು ಎಳ್ಳು ಹಚ್ಚಿದ ಖಡಕ್ ರೊಟ್ಟಿ. ಹೋದ ವರ್ಷ ದೀಪಾವಳಿಗೆ ಬಸ್ಸಿನಲ್ಲಿ ರೊಟ್ಟಿ ಒಯ್ದಾಗ ಯಾರೋ ಬುಟ್ಟಿಯ ಮೇಲೆ ಚೀಲ ಒಗೆದು, ಬೀಗಿತ್ತಿ ನೀಲಕ್ಕ ಬುಟ್ಟಿ ಬಿಚ್ಚಿ ನಕ್ಕಿದ್ದಳು: "ರೊಟ್ಟಿ ತಂದೀರೋ, ನುಚ್ಚು ತಂದೀರೋ?" ಆ ಮಾತು ಮಾಲವ್ವನ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಈ ಸಲ ಉಳಿದವರೆಲ್ಲ ಮೊದಲೇ ಬಸ್ಸಿಗೆ ಹೋಗುತ್ತಾರೆ. ಬುತ್ತಿ ಮಾತ್ರ ಮಗನ ಕಾರಿನಲ್ಲಿ, ತನ್ನ ಕಣ್ಣಳತೆಯಲ್ಲಿ ಬರಬೇಕು.

"ಆದ್ರ ಇಡೂದೆಲ್ಲಿ?" ಎಂದು ಸುಭಾಸ ಡಿಕ್ಕಿ ಎತ್ತಿ ತೋರಿಸಿದ. ಒಳಗೆ ಸ್ಟೆಪ್ನಿ ಗಾಲಿ ಕೂತಿತ್ತು, ಅದರ ಪಕ್ಕ ಒಂದು ನೀರಿನ ಬಾಟಲಿ ಹಿಡಿಯುವಷ್ಟು ಜಾಗ.

ಅಷ್ಟರಲ್ಲಿ ಬಾಲು ಬಂದ. ಕಾರನ್ನು ನೋಡಿ ಅವನ ಕಣ್ಣು ಅರಳಿತು. "ಡಿಕ್ಕಿ ಮ್ಯಾಲೆ ಕ್ಯಾರಿಯರ್ ಕೂಡಸೂಣು. ನಾಲ್ಕು ತೂತು, ನಾಲ್ಕು ಬೋಲ್ಟ್. ಆನಿ ಏರಿದ್ರೂ ಅಲುಗಾಡೂದಿಲ್ಲ" ಎಂದ.

ತುಳಜಾ ಡಿಕ್ಕಿಯ ಮೇಲೆ ಬೆರಳಿನಿಂದ ಬಡಿದಳು. ತಗಡಿನ ಸದ್ದು ಬರಲಿಲ್ಲ. "ಇದು ಫೈಬರ್ ಐತಿ. ತೂತು ಹಾಕಿದ್ರ ಸೀಳತೈತಿ" ಎಂದು ನಂಬರ್ ಪ್ಲೇಟಿನ ಬಳಿ ತೋರಿಸಿದಳು. ಹಿಂದೆ ಯಾರೋ ಮೊಳೆ ಹೊಡೆದ ಜಾಗದಿಂದ ಕೂದಲೆಳೆಯಂಥ ಬಿರುಕು ಗೇಣುದ್ದ ಹೋಗಿತ್ತು. ಸುಭಾಸನ ಮುಖ ಬಿಳಿಚಿತು.

"ತೂತು ಬ್ಯಾಡ, ಬೋಲ್ಟ್ ಬ್ಯಾಡ. ಎತ್ತಿಗೆ ಹೇರು ಕಟ್ಟಿದಂಗ ಕಟ್ತೇನಿ. ಒಂದ ರೊಟ್ಟಿ ಮುರಿಯೂದಿಲ್ಲ" ಎಂದಳು ತುಳಜಾ.

ಈ ಮಾತು ಗಾಳಿಯಲ್ಲಿ ಹುಟ್ಟಿದ್ದಲ್ಲ. ಅವರ ಅಜ್ಜಿ ಸೋನಿಬಾಯಿಯ ಹಿರಿಯರು ಎತ್ತುಗಳ ಬೆನ್ನ ಮೇಲೆ ಗೋವಾ ಕಡೆಯ ಉಪ್ಪನ್ನು ಅನಮೋಡದ ಘಟ್ಟ ಹತ್ತಿಸಿ ತಂದ ಲಂಬಾಣಿಗರು. ಎತ್ತು ಹೊಡೆಯುತ್ತಿದ್ದವರು ಗಂಡಸರು. ಹೇರಿನ ಗೋಣಿ, ಪಟ್ಟಿ ಹೊಲಿದು ಬಿಗಿಯುತ್ತಿದ್ದವರು ಹೆಂಗಸರು. ಸೋನಿಬಾಯಿಯ ಕಾಲಕ್ಕೆ ಎತ್ತೂ ಇರಲಿಲ್ಲ, ಉಪ್ಪೂ ಇರಲಿಲ್ಲ. ಆದರೂ ಅವಳು ಮೊಮ್ಮಗಳನ್ನು ಕೂರಿಸಿಕೊಂಡು, ಹಿತ್ತಲಿನ ಕಟ್ಟೆಯನ್ನೇ ಎತ್ತು ಮಾಡಿ, ಪಟ್ಟಿ ಬಿಗಿಯುವುದನ್ನು ಕಲಿಸಿದ್ದಳು. ಹೇರು ಅಗಲವಾಗಿರಲಿ, ಎತ್ತರ ಬೇಡ. ಎಡಕ್ಕೆಷ್ಟೋ ಬಲಕ್ಕಷ್ಟೇ. ಅಲುಗಾಡುವುದು ಮುರಿಯುತ್ತದೆ, ಬಿಗಿಯಾಗಿದ್ದದ್ದು ಬದುಕುತ್ತದೆ.

ಬಾಲು ನಕ್ಕ. "ಪಟ್ಟಿ ಕಟ್ಟಿ ಕಾರಿನ ಮ್ಯಾಲೆ ಬುಟ್ಟಿ ಒಯ್ತಾಳಂತ! ಹಳಿಯಾಳ ದಾಟೂದ್ರಾಗ ರಸ್ತೇದಾಗ ಬಿದ್ದಿರತೈತಿ."

"ಬಿದ್ರ ಇನ್ನ ಮ್ಯಾಲೆ ಬೋರ್ಡಿನ ಮಾತು ಎತ್ತೂದಿಲ್ಲ. ಒಂದೂ ಮುರೀದ ಮುಟ್ಟಿದ್ರ, ಕುಶನ್ ಅಂಗಡಿಗೆ ನನ್ನ ಹೆಸರು. ಒಪ್ಪೇನು?"

"ಒಪ್ಪಿದೆ. ಆದ್ರ ಕಟ್ಟಿದ ಮ್ಯಾಲೆ ದಾರ್ಯಾಗ ನೀ ಕೈ ಹಚ್ಚಂಗಿಲ್ಲ. ನಾ ಬೈಕ್ ಮ್ಯಾಲೆ ಹಿಂದನ ಬರ್ತೇನಿ, ನೀ ನನ್ನ ಹಿಂದ ಕುಂದ್ರು."

ನಾಲ್ಕು ದಿನ ಕೆಲಸ ನಡೆಯಿತು. ತೆಳು ಪೈಪನ್ನು ಬಗ್ಗಿಸಿ ಬಾಲು ಚೌಕಟ್ಟು ಮಾಡಿಕೊಟ್ಟ. ಅದು ಗೇಣು ಎತ್ತರದ ಕಟಕಟೆಯ ಹಾಗೆ, ಡಿಕ್ಕಿಯ ಅಗಲಕ್ಕೆ ಸರಿಯಾಗಿ ಬಂತು. ವೆಲ್ಡಿಂಗ್ ಚೊಕ್ಕವಾಗಿತ್ತು, ಅದನ್ನು ತುಳಜಾ ಒಪ್ಪಿಕೊಂಡಳು. ಚೌಕಟ್ಟಿನ ನಾಲ್ಕೂ ಕಾಲಿಗೆ ಅವಳು ಹಳೆಯ ಕಂಬಳಿಯ ತುಂಡು ಸುತ್ತಿ ಮೇಲೆ ರೆಗ್ಜಿನ್ ಹೊಲಿದಳು, ಬಣ್ಣಕ್ಕೆ ಗೀರು ಬೀಳಬಾರದು. ಮಂಚಕ್ಕೆ ಹಾಕುವ ನವಾರವನ್ನು ಎರಡು ಪದರ ಮಾಡಿ ಪಟ್ಟಿ ಹೊಲಿದಳು. ಎತ್ತಿನ ಹೊಟ್ಟೆಪಟ್ಟಿಯಂತೆ ಎರಡು ಪಟ್ಟಿ ಡಿಕ್ಕಿಯ ಮುಂದಿನ ಅಂಚನ್ನು ಕೊಕ್ಕೆಯಿಂದ ಹಿಡಿದವು, ಬಾಲದ ಪಟ್ಟಿಯಂತೆ ಇನ್ನೆರಡು ಹಿಂದಿನ ಅಂಚನ್ನು ಹಿಡಿದವು. ಎಲ್ಲದಕ್ಕೂ ಒಂದೊಂದು ಬಕಲ್. ಒಂದೇ ಕೈಯಿಂದ ಎಳೆದರೆ ಬಿಗಿ. ಬಟ್ಟೆಯ ಹೊದಿಕೆ ಮಡಚಲು ಅಡ್ಡವಿಲ್ಲ, ಹಿಂದಿನ ದೀಪಗಳಿಗೆ ಮರೆಯಿಲ್ಲ. ಸುಭಾಸ ಕಾರಿನ ಸುತ್ತ ಮೂರು ಸುತ್ತು ತಿರುಗಿದ, ಮದುವೆ ಗೊತ್ತಾದವನ ಹಾಗೆ.

ರವಿವಾರ ಬೆಳಿಗ್ಗೆ ಬುತ್ತಿ ಬಂತು. ಮಾಲವ್ವ ತಂದದ್ದು ಒಂದೇ ದೊಡ್ಡ ಬುಟ್ಟಿ. ತುಳಜಾ ಅದನ್ನು ಮುಲಾಜಿಲ್ಲದೆ ವಾಪಸ್ಸು ಕಳಿಸಿ ಒಂದೇ ಅಳತೆಯ ಎರಡು ಬುಟ್ಟಿ ತರಿಸಿದಳು. ರೊಟ್ಟಿಯನ್ನು ಎರಡು ಪಾಲು ಮಾಡಿ, ಧೋತರದಲ್ಲಿ ಸಂದಿಲ್ಲದಂತೆ ಸುತ್ತಿ, ಸುತ್ತ ಹೋಳಿಗೆಯ ಮೆತ್ತೆ ಕೊಟ್ಟಳು. ಎರಡೂ ಬುಟ್ಟಿಗಳನ್ನು ಎರಡು ಕೈಯಲ್ಲಿ ಎತ್ತಿ ತೂಗಿ ನೋಡಿ, ಬಲದ ಬುಟ್ಟಿಯಿಂದ ನಾಲ್ಕು ಕರ್ಚಿಕಾಯಿ ತೆಗೆದು ಎಡಕ್ಕೆ ಹಾಕಿದಳು. ಕಟ್ಟಿ ಮುಗಿಸಿ, "ಇನ್ನ ಇದರ ಮ್ಯಾಲೆ ಏನೂ ಇಡಬ್ಯಾಡ್ರಿ ಅವ್ವಾರ, ಒಂದು ಹೂವು ಸೈತ" ಎಂದಳು.

"ಹೂಂ ಹೂಂ" ಎಂದಳು ಮಾಲವ್ವ. ಹೂಂ ಅನ್ನಲು ಏನು ಖರ್ಚು?

ಹಳಿಯಾಳದವರೆಗೆ ದಾರಿ ಸಲೀಸಾಗಿತ್ತು. ಬೈಕಿನ ಹಿಂದೆ ಕೂತ ತುಳಜಾ ಬುಟ್ಟಿಗಳ ಮೇಲಿನ ಕಣ್ಣು ತೆಗೆಯಲಿಲ್ಲ. ಹಳಿಯಾಳ ಇನ್ನೂ ದೂರವಿರುವಾಗ ಎಮ್ಮೆಯೊಂದು ಅಡ್ಡ ಬಂದು ಸುಭಾಸ ಬ್ರೇಕ್ ಒತ್ತಿದ. ಕಾರು ಮೂಗು ಬಗ್ಗಿಸಿತು, ಬುಟ್ಟಿಗಳು ಕೂತಲ್ಲೇ ಕೂತಿದ್ದವು. ಬಾಲು ಗೇರ್ ಬದಲಿಸಿದ. ತುಳಜಾ ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟಳು, ಸುಮ್ಮನೆ, ಖುಷಿಗೆ.

ಹಳಿಯಾಳದ ಪೇಟೆಯಲ್ಲಿ ಬೈಕಿಗೆ ಪೆಟ್ರೋಲ್ ಹಾಕಿಸಲು ಅವರು ಹಿಂದೆ ಉಳಿದರು. ಮತ್ತೆ ಕಾರು ಸಿಕ್ಕಿದ್ದು ಕಲಘಟಗಿ ದಾಟಿದ ಮೇಲೆ. ದೂರದಿಂದಲೇ ತುಳಜಾ ನೋಡಿದಳು. ಹೇರು ಎಡಕ್ಕೆ ಎರಡು ಬೆರಳು ವಾಲಿತ್ತು. ಎಡದ ಬುಟ್ಟಿಯ ಮೇಲೆ, ಪಟ್ಟಿಯ ಕೆಳಗೆ ತುರುಕಿದ ಎರಡು ಬಾಳೆಗೊನೆ. ರಸ್ತೆಯ ಪ್ರತಿ ತಗ್ಗಿಗೂ ಬುಟ್ಟಿ ಒಮ್ಮೆ ಏಳುತ್ತಿತ್ತು, ಒಮ್ಮೆ ಕೂರುತ್ತಿತ್ತು. ಒಳಗಿನ ರೊಟ್ಟಿಯ ಸದ್ದು ತನ್ನ ಕಿವಿಗೇ ಕೇಳಿದಂತಾಯಿತು ಅವಳಿಗೆ.

"ಓವರ್‌ಟೇಕ್ ಮಾಡಿ ನಿಂದರಸು!"

"ಕೈ ಹಚ್ಚಿದ್ರ ನೀ ಸೋತಂಗ, ನೋಡ್ ಮತ್ತ" ಎಂದ ಬಾಲು. ಆದರೂ ನಿಲ್ಲಿಸಿದ.

ತುಳಜಾ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕಾರಿನ ಬಳಿ ಹೋದಳು. "ಅವ್ವಾರ, ಏನ್ ಹೇಳಿದ್ದೆ ನಾನು?"

"ಬಾಳಿಹಣ್ಣು ಎಷ್ಟರ ಭಾರ ಆದೀತವಾ? ಉಡಿ ತುಂಬಾಕ ಬೇಕಲ್ಲ" ಎಂದಳು ಮಾಲವ್ವ.

"ಹಂಗಾದ್ರ ನಿಮ್ಮ ಉಡ್ಯಾಗ ಇಟ್ಕೊಳ್ರಿ. ಸುಭಾಸಣ್ಣಾ, ಇಳೀರಿ. ಗೊನಿ ತಗೀರಿ. ಬಲಗಡೆ ಬಕಲ್ ಸಡಲ ಬಿಡ್ರಿ. ಬುಟ್ಟಿ ನಡಕ ಸರಸ್ರಿ, ಎರಡೂ ಒಂದಕ್ಕೊಂದು ತಾಗಬೇಕು. ಈಗ ಎಡಗಡೆ ಪಟ್ಟಿ ಎಳೀರಿ. ಮದ್ಲ ಅದನ್ನ, ಆಮ್ಯಾಲೆ ಬಲಕ. ಇನ್ನೊಂದೀಟು. ಸಾಕ್ರಿ."

ಜನ್ಮದಲ್ಲಿ ಹಗ್ಗ ಮುಟ್ಟದ ಎಲೆಕ್ಟ್ರಿಷಿಯನ್ ಒಂದೇ ಕೈಯಿಂದ ಹೇರು ಬಿಗಿದು ನಿಲ್ಲಿಸಿದ. ತುಳಜಾ ತಿರುಗಿ ತಮ್ಮನಿಗೆ ಬೆನ್ನ ಹಿಂದಿನ ಕೈಗಳನ್ನು ತೋರಿಸಿದಳು. ಬಾಲು ಬೈಕಿನ ಕಿಕ್ಕರ್ ಒದ್ದ. ಮುಂಡಗೋಡದವರೆಗೂ ಮಾಲವ್ವ ಎರಡು ಬಾಳೆಗೊನೆಯನ್ನು ಅವಳಿಜವಳಿ ಕೂಸುಗಳ ಹಾಗೆ ತೊಡೆಯ ಮೇಲೆ ಹೊತ್ತು ಬಂದಳು.

ಆದರೆ ಅಷ್ಟು ದೂರ ವಾಲಿಕೊಂಡು ಬಂದ ಬುಟ್ಟಿಯ ಒಳಗೆ ಏನಾಗಿತ್ತೋ, ಅದು ಬಿಚ್ಚಿದ ಮೇಲೇ ಗೊತ್ತಾಗಬೇಕು. ಗೊತ್ತಿದ್ದೂ ತುಳಜಾ ತಲೆ ಎತ್ತಿಯೇ ನೀಲಕ್ಕನ ಅಂಗಳಕ್ಕೆ ಕಾಲಿಟ್ಟಳು. ತಾನು ಕಟ್ಟಿದ್ದರ ಮೇಲೆ ತನಗೇ ನಂಬಿಕೆಯಿಲ್ಲದಿದ್ದರೆ ಇನ್ಯಾರಿಗೆ ಇದ್ದೀತು?

ಬುಟ್ಟಿಗಳು ಪಡಸಾಲೆಗೆ ಹೋದವು. ಹೊಸ್ತಿಲಲ್ಲಿ ಮಾಲವ್ವನ ಕಾಲಿಗೆ ನೀರು, ಹಣೆಗೆ ಕುಂಕುಮ ಎಲ್ಲ ಆಗಿ, ಹೆಂಗಸರು ಒಳಗೆ ಬಂದು ಸುತ್ತ ಕೂತರು. ನೀಲಕ್ಕ ಬಲದ ಬುಟ್ಟಿಯ ಧೋತರ ಬಿಚ್ಚಿ ರೊಟ್ಟಿಗಳನ್ನು ಒಂದೊಂದಾಗಿ ಎತ್ತಿ ಹರಿವಾಣಕ್ಕೆ ಹಾಕಿದಳು. ದುಂಡಗೆ, ಅಂಚು ಸಹ ಚಕ್ಕೆ ಏಳದೆ ಇದ್ದವು. ಎಡದ ಬುಟ್ಟಿ. ಧೋತರದ ಗಂಟು ಸಡಿಲಾಗಿತ್ತು. ಎಲ್ಲಕ್ಕಿಂತ ಮೇಲೆ ಇದ್ದದ್ದು ಅರ್ಧ ರೊಟ್ಟಿ.

ಬಾಗಿಲಲ್ಲಿ ನಿಂತಿದ್ದ ಬಾಲು, "ಮುರದೈತಿ!" ಎಂದ. ಒಂಬತ್ತು ವರ್ಷದ ಆಸೆ ಒಂದು ರೊಟ್ಟಿಯ ಜೊತೆ ಮುರಿದು ಹೋಯಿತಲ್ಲ ಎಂದು ತುಳಜಾಳಿಗೆ ದುಃಖ ಉಕ್ಕಿತು. ಮಾಲವ್ವನ ಮುಖವೂ ಸಣ್ಣದಾಯಿತು.

ಆಗ ಮೂಲೆಯಿಂದ ಕರುಂ ಕರುಂ ಎಂಬ ಸದ್ದು ಬಂತು. ಹಸಿರು ಸೀರೆ ಉಟ್ಟು ಗೋಡೆಗೆ ಒರಗಿ ಕೂತಿದ್ದ ಜ್ಯೋತಿಯ ಕೈಯಲ್ಲಿ ಇನ್ನರ್ಧ ರೊಟ್ಟಿ, ಅದರ ಮೇಲೆ ಚಟ್ನಿಪುಡಿ.

"ನೀವೆಲ್ಲ ಹೊಸ್ತಲದಾಗ ಇದ್ರಿ, ನನಗ ತಡ್ಯಾಕ ಆಗಲಿಲ್ರಿ" ಎಂದಳು, ತುಂಬಿದ ಬಾಯಿಯಲ್ಲೇ.

ಪಡಸಾಲೆಯ ತುಂಬ ನಗು. ಉಳಿದ ರೊಟ್ಟಿಗಳೆಲ್ಲ ಇಡಿಯಾಗಿ ಹೊರಬಂದವು. ನೀಲಕ್ಕ ಕೊನೆಯದನ್ನು ಬೆರಳಿನಿಂದ ಟಣ್ ಎನಿಸಿ ನೋಡಿ, "ಅಷ್ಟು ದೂರದಿಂದ, ಅದೂ ಆ ಆಟಿಗಿ ಕಾರಿನ ಮ್ಯಾಲೆ! ಯಾರ್ರೀ ಬೀಗಿತ್ತಿ, ಇದನ್ನ ಕಟ್ಟಿದವರು?" ಎಂದಳು.

ಬೀಗಿತ್ತಿಯನ್ನು ಗೆದ್ದ ಸಂಭ್ರಮದಲ್ಲಿ ಮಾಲವ್ವ ಬಾಗಿಲ ಕಡೆ ಕೈ ತೋರಿಸಿದಳು. "ನಮ್ಮ ದಾಂಡೇಲಿ ಬಾಲುರೀ. ಅಗೋ, ಅಲ್ಲೇ ನಿಂತಾನ ನೋಡ್ರಿ. ಭಾಳ ಹುಷಾರ್ ಹುಡುಗ."

ಎಲ್ಲರೂ ಬಾಲುವನ್ನು ನೋಡಿದರು. ತುಳಜಾ ನೆಲ ನೋಡಿದಳು. ಪಂದ್ಯ ಗೆದ್ದಾಗಿತ್ತು. ಬೋರ್ಡನ್ನು ನಾಳೆ ಪೇಂಟರ್ ಬರೆದುಕೊಡುತ್ತಾನೆ. ಆದರೆ ಈ ಮಾತಿಗೆ ತಾನು ಉತ್ತರ ಕೊಡುವುದಿಲ್ಲ ಎಂದು ಹಲ್ಲು ಕಚ್ಚಿ ನಿಂತಳು. ಇದನ್ನು ತಿದ್ದಬೇಕಾದವನು ಬೇರೆ.

ಬಾಲು ಕತ್ತು ತುರಿಸಿಕೊಂಡ. "ಪೈಪ್ ಅಷ್ಟ ನಂದ್ರಿ" ಎಂದ. "ಹೊಲದದ್ದು, ಕಟ್ಟಿದ್ದು ನಮ್ಮ ಅಕ್ಕ. ಒಂಬತ್ತು ವರ್ಷದಿಂದ ಕುಶನ್ ಕೆಲಸ ಎಲ್ಲಾ ಅಕಿದ. ನಾ ಸೂಜಿಗೆ ದಾರಾನೂ ಪೋಣಿಸಿಲ್ಲ. ತುಳಜಾ ಅಂತ ಅಕಿ ಹೆಸರು."

ಅತ್ತರೆ ಅವನು ಊರಿಗೆ ಹೋಗುವವರೆಗೂ ಚುಡಾಯಿಸುತ್ತಾನೆ ಎಂದು ಗೊತ್ತಿದ್ದರಿಂದ ತುಳಜಾ ಅಳಲಿಲ್ಲ.

ಸಂಜೆ ಹೊರಡುವಾಗ ನೀಲಕ್ಕ ಬುಟ್ಟಿಗಳನ್ನು ಬರಿದಾಗಿ ಕಳಿಸುವವಳಾಗಿರಲಿಲ್ಲ. ಬುತ್ತಿಯ ಬುಟ್ಟಿ ಬರಿದಾಗಿ ತವರಿಗೆ ಮರಳಬಾರದು. ಒಂದರಲ್ಲಿ ಹೊಸ ಅಕ್ಕಿ, ಇನ್ನೊಂದರಲ್ಲಿ ಟಿಬೆಟನ್ ಕಾಲೊನಿಯ ಕಡೆಯಿಂದ ತಂದ ಗೋವಿನಜೋಳ, ಮೇಲೆ ತೆಂಗಿನಕಾಯಿ. ಬಂದ ಭಾರಕ್ಕಿಂತ ಹೋಗುವ ಭಾರ ಎರಡು ಪಟ್ಟು. ಬಾಲು ಹುರುಪಿನಿಂದ ಪಟ್ಟಿಗೆ ಕೈ ಹಾಕಿದ.

"ಕೈ ತಗಿ" ಎಂದಳು ತುಳಜಾ.

ಅವನು ತೆಗೆದ. ಅವಳು ಬುಟ್ಟಿಗಳನ್ನು ಒಂದೊಂದಾಗಿ ಎತ್ತಿ ತೂಗಿದಳು. ಜೋಳದ ಬುಟ್ಟಿಯಿಂದ ಎರಡು ತೆಂಗಿನಕಾಯಿ ತೆಗೆದು ಅಕ್ಕಿಯ ಕಡೆ ಹಾಕಿದಳು, ಎಡ ಬಕಲ್ ಎಳೆದಳು, ಬಲ ಬಕಲ್ ಎಳೆದಳು. ಅಂಗಳದ ಹೆಂಗಸರೆಲ್ಲ ನಿಂತು ನೋಡುತ್ತಿದ್ದರು.

ಸೀಟಿನಲ್ಲಿ ಇಳಿದು ಕೂತಿದ್ದ ಮಾಲವ್ವ ಕಷ್ಟಪಟ್ಟು ಕತ್ತು ಹಿಂದೆ ತಿರುಗಿಸಿದಳು. ಮಡಿಲಲ್ಲಿ ನೀಲಕ್ಕ ಕೊಟ್ಟ ಒಂದು ಕುಂಬಳಕಾಯಿ ಇತ್ತು. ಅದನ್ನು ಯಾರಿಗೂ ಕೊಡದೆ ತಾನೇ ಅಪ್ಪಿ ಹಿಡಿದಿದ್ದಳು.

"ತುಳಜವ್ವಾ, ಬಿಗೀ ಆತೇನವಾ?"

"ಆತ್ರಿ ಅವ್ವಾರ" ಎಂದಳು ತುಳಜಾ. "ಇನ್ನ ಹೊಂಡ್ರಿ."